ವಾರದ ಪೊಟ್ಟಣ ದಿನದ ಪೊಟ್ಟಣವಾದಾಗ: ಬಾಯಿ ಕ್ಯಾನ್ಸರ್ ರೋಗಿಯೊಬ್ಬರ ವಿಟಮಿನ್ ಡಿ ಪ್ರಕರಣ

ಹಿನ್ನೆಲೆ

ರೋಗಿ ಐವತ್ತರ ಆಸುಪಾಸಿನ ಗಂಡಸು. ಉತ್ತರ ಕರ್ನಾಟಕದ ನೇಕಾರರ ಊರೊಂದರಲ್ಲಿ ವಿದ್ಯುತ್ ಮಗ್ಗದ ಕೆಲಸ. ಬಹುಪಾಲು ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಗುರುತು ಹತ್ತದಿರಲೆಂದು ಕೆಲವು ವಿವರಗಳನ್ನು ಬದಲಿಸಲಾಗಿದೆ. ಇಪ್ಪತ್ತು ವರ್ಷದ ಗುಟ್ಕಾ ಚಟ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯದೊಂದು ಪಾಕೀಟು, ತಂಬಾಕಿನದೊಂದು ಪಾಕೀಟು ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದು ರೂಢಿಯಾಗಿತ್ತು. ಆಸ್ಪತ್ರೆಗೆ ಬರುವ ಹೊತ್ತಿಗೆ ಬಾಯಿ ಎರಡು ಬೆರಳು ಹಿಡಿಯುವಷ್ಟೂ ತೆರೆಯುತ್ತಿರಲಿಲ್ಲ. ಬಲಗೆನ್ನೆಯ ಒಳಗೆ ಆರು ತಿಂಗಳ ಹುಣ್ಣು, ದವಡೆಯ ಕೆಳಗೆ ಗಂಟು. ಖಾರ ಬಿಟ್ಟು, ರೊಟ್ಟಿ ಬಿಟ್ಟು, ಕೊನೆಗೆ ಗಂಜಿಯಷ್ಟೇ ಉಳಿದು, 57 ಕಿಲೋ ಇದ್ದ ತೂಕ 46ಕ್ಕೆ ಇಳಿದಿತ್ತು.

ಕೆನ್ನೆಯ ಗಡ್ಡೆಯನ್ನು ಕೆಳದವಡೆಯ ಅಂಚಿನ ಸಮೇತ ತೆಗೆದು, ಕುತ್ತಿಗೆಯ ಗಂಟುಗಳನ್ನೂ ತೆಗೆದು, ಎದೆಯ ಸ್ನಾಯುವಿನಿಂದ ಮುಚ್ಚಲಾಯಿತು. ಪೆಥಾಲಜಿ ವರದಿ: ಗಡ್ಡೆ 3.4 ಸೆಂ.ಮೀ., ಒಳಕ್ಕೆ ಇಳಿದ ಆಳ 11 ಮಿ.ಮೀ.; ಎರಡು ಗಂಟುಗಳಲ್ಲಿ ಕ್ಯಾನ್ಸರ್, ಅದರಲ್ಲೊಂದು ಕವಚ ಒಡೆದು ಹೊರಚಾಚಿತ್ತು. ಕವಚ ಒಡೆದಿದ್ದರೆ ಬರೀ ರೇಡಿಯೇಷನ್ ಸಾಲದು, ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಬೇಕು. 30 ಸಲ ರೇಡಿಯೇಷನ್, ಒಟ್ಟು 60 ಗ್ರೇ (ರೇಡಿಯೇಷನ್ ಅಳೆಯುವ ಮಾನ), ವಾರಕ್ಕೊಮ್ಮೆ ಚದರ ಮೀಟರಿಗೆ 40 ಮಿ.ಗ್ರಾಂ ಸಿಸ್‌ಪ್ಲಾಟಿನ್ ಎಂದು ತೀರ್ಮಾನವಾಯಿತು. ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಇವರಿಗೆ 38ನೇ ದಿನ ಶುರುವಾಯಿತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ನಾಲ್ಕನೇ ದಿನದ ರಕ್ತ

ಶಸ್ತ್ರಚಿಕಿತ್ಸೆಯ ನಾಲ್ಕನೇ ದಿನ ಪೌಷ್ಟಿಕಾಂಶದ ಪರೀಕ್ಷೆಗಳ ಪಟ್ಟಿಯಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ (ರಕ್ತದಲ್ಲಿನ ವಿಟಮಿನ್ ಡಿ ಅಳೆಯುವ ಪರೀಕ್ಷೆ) ಕೂಡ ಹೋಯಿತು. ಬಂದದ್ದು ಮಿಲಿಲೀಟರಿಗೆ 8.6 ನ್ಯಾನೋಗ್ರಾಂ. 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುವುದು ವಾಡಿಕೆ. ಅದೇ ದಿನ ರಕ್ತದ ಪ್ರೋಟೀನಾದ ಅಲ್ಬುಮಿನ್ 2.7, ಉರಿಯೂತದ ಸೂಚಕವಾದ ಸಿಆರ್‌ಪಿ 84.

ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕಿತ್ತು. ವಿಟಮಿನ್ ಡಿ ರಕ್ತದಲ್ಲಿ ಓಡಾಡುವುದು ಹೆಚ್ಚಾಗಿ ತನ್ನದೇ ವಾಹಕ ಪ್ರೋಟೀನಿನ ಬೆನ್ನೇರಿ, ಉಳಿದಂತೆ ಅಲ್ಬುಮಿನ್ನಿನ ಜೊತೆ. ದೊಡ್ಡ ಶಸ್ತ್ರಚಿಕಿತ್ಸೆ, ಸೋಂಕು, ಉರಿಯೂತ ಯಾವುದಾದರೂ ಆದಾಗ ಆ ಪ್ರೋಟೀನುಗಳು ಇಳಿಯುತ್ತವೆ, ಅವುಗಳ ಜೊತೆ ಡಿ ಅಂಕಿಯೂ ಇಳಿಯುತ್ತದೆ. ದೇಹದ ದಾಸ್ತಾನು ಅಷ್ಟೇ ಇದ್ದರೂ ವರದಿ ಕಡಿಮೆ ತೋರಿಸಬಹುದು. ರಾತ್ರಿ ಪಾಳಿಯ, ಆರು ತಿಂಗಳು ಮನೆ ಹಿಡಿದಿದ್ದ ಈ ರೋಗಿಗೆ ಕೊರತೆ ನಿಜಕ್ಕೂ ಇದ್ದಿರಬಹುದು. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಲು ಬಿಸಿಲಿನ ಯುವಿ-ಬಿ ಕಿರಣವೇ ಬೇಕು, ಮಗ್ಗದ ಶೆಡ್ಡಿನ ಟ್ಯೂಬ್‌ಲೈಟಿನಿಂದ ಆಗುವ ಕೆಲಸವಲ್ಲ. ಆದರೆ 8.6 ಎಂಬುದು ಅದರ ಅಳತೆಯಲ್ಲ. ದಾಖಲಾದ ದಿನವೇ, ಚಾಕು ಹಾಕುವ ಮುಂಚೆ, ರಕ್ತ ತೆಗೆದಿದ್ದರೆ ಅಂಕಿಗೆ ಅರ್ಥವಿರುತ್ತಿತ್ತು.

ಅದೇನೇ ಇರಲಿ, ಕೊಟ್ಟ ಚಿಕಿತ್ಸೆ ತಪ್ಪಾಗಿರಲಿಲ್ಲ. 60,000 ಯೂನಿಟ್ಟಿನ ಪೊಟ್ಟಣ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ಜೊತೆಗೆ 500 ಮಿ.ಗ್ರಾಂ ಕ್ಯಾಲ್ಸಿಯಂ ಗುಳಿಗೆ ದಿನಕ್ಕೆ ಎರಡು. ಮೂಗಿನ ಕೊಳವೆಯಲ್ಲಿ ಆಹಾರ ಹೋಗುತ್ತಿದ್ದುದರಿಂದ ಕ್ಯಾಪ್ಸೂಲ್ ಬಿಟ್ಟು ಪುಡಿ ಬರೆದದ್ದು ಜಾಣತನವೇ. ಎಣ್ಣೆ ತುಂಬಿದ ಮೆತ್ತನೆಯ ಕ್ಯಾಪ್ಸೂಲನ್ನು ಚುಚ್ಚಿ ಕೊಳವೆಗೆ ಹಿಂಡಿದರೆ ಔಷಧದ ಒಂದಷ್ಟು ಭಾಗ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ.

ತಪ್ಪಿದ್ದು ಚೀಟಿಯಲ್ಲಿ. ಮಿಕ್ಕ ಐದು ಔಷಧಿಗಳ ಎದುರು 1-0-1, 1-0-0 ಎಂದು ಬೆಳಿಗ್ಗೆ-ಮಧ್ಯಾಹ್ನ-ರಾತ್ರಿಯ ಲೆಕ್ಕವಿದ್ದರೆ ಪೊಟ್ಟಣದ ಎದುರು ಮಾತ್ರ ಇಂಗ್ಲಿಷಿನಲ್ಲಿ ‘ವೀಕ್ಲಿ’ ಎಂದಿತ್ತು. ಔಷಧಿ ಅಂಗಡಿಯಲ್ಲಿ ಕೊಟ್ಟ ಕಂದು ಲಕೋಟೆಯ ಮೇಲೆ ಅದೂ 1-0-0 ಆಯಿತು.

ಐದು ಪದದ ಉತ್ತರ

ಬಿಡುಗಡೆಯ ದಿನ, ಅಂದರೆ ಹತ್ತನೇ ದಿನ, ರೋಗಿಯ ಮಗ ಕಿರಿಯ ವೈದ್ಯರನ್ನು ಕೇಳಿದ್ದ: “ಡಿ ವಿಟಮಿನ್ ಏರಿಸಿದ್ರ ಈ ರೋಗ ತಿರುಗಿ ಬರೂದಿಲ್ಲಂತ, ಖರೇ ಏನ್ರಿ ಸರ್?” ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊ ನೋಡಿದ್ದ. ಆ ದಿನ ಇನ್ನೂ ಒಂಬತ್ತು ಮಂದಿಯ ಬಿಡುಗಡೆ ಇತ್ತು. ಸಿಕ್ಕ ಉತ್ತರ: “ಇಮ್ಯುನಿಟಿಗೆ ಒಳ್ಳೇದು, ತಪ್ಪದೆ ಕೊಡಿ ಅಷ್ಟೇ.”

ಮೊದಲ ತಿರುವು ಇದೇ. ಲಕೋಟೆಯ ಮೇಲೆ ದಿನಕ್ಕೊಂದು ಎಂದು ಬರೆದಿತ್ತು, ವಿಡಿಯೊ ಹೆಚ್ಚು ಕೊಡಿ ಎಂದಿತ್ತು, ವೈದ್ಯರು ತಪ್ಪಿಸಬೇಡಿ ಎಂದರು. ಮೂರೂ ಒಂದೇ ದಿಕ್ಕಿಗೆ ಕೈ ತೋರಿದಾಗ ಆ ಮನೆಯವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಆ ಪ್ರಶ್ನೆಗೆ ಸರಿಯಾದ ಉತ್ತರ ಏನಿತ್ತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇದೇ ಪ್ರಶ್ನೆ ಪ್ರತಿ ವಾರ ಯಾವುದಾದರೊಂದು ವಾರ್ಡಿನಲ್ಲಿ ಎದುರಾಗುತ್ತದೆ.

ವಿಟಮಿನ್ ಡಿಗೂ ರೋಗನಿರೋಧಕ ವ್ಯವಸ್ಥೆಗೂ ನಂಟು ಇರುವುದು ನಿಜ. ಕಿಡ್ನಿಯಂತೆ, ರೋಗಾಣು ನುಂಗುವ ಮ್ಯಾಕ್ರೊಫೇಜ್ ಕೋಶಗಳಲ್ಲೂ ವಿಟಮಿನ್ ಡಿಯನ್ನು ಕ್ರಿಯಾಶೀಲ ರೂಪಕ್ಕೆ ತಿರುಗಿಸುವ ಕಿಣ್ವ ಇದೆ. ಕ್ಷಯದ ಬ್ಯಾಕ್ಟೀರಿಯಾ ಎದುರಾದಾಗ ಈ ಕೋಶಗಳು ವಿಟಮಿನ್ ಡಿ ಬಳಸಿಕೊಂಡು ಕ್ಯಾಥೆಲಿಸಿಡಿನ್ ಎಂಬ ರೋಗಾಣು ಕೊಲ್ಲುವ ಪೆಪ್ಟೈಡ್ ತಯಾರಿಸುವುದನ್ನು ಲಾಸ್ ಏಂಜಲೀಸ್‌ನ ಸಂಶೋಧಕರು 2006ರಲ್ಲಿ ತೋರಿಸಿದರು. ರೋಗದ ವಿರುದ್ಧ ಹೋರಾಡುವ ಟಿ ಕೋಶ ಎಚ್ಚರಗೊಳ್ಳುವಾಗಲೂ ವಿಟಮಿನ್ ಡಿ ಗ್ರಾಹಕದ ಪಾತ್ರವಿದೆ ಎಂದು 2010ರಲ್ಲಿ ಕೋಪನ್‌ಹೇಗನ್ನಿನಿಂದ ವರದಿಯಾಯಿತು. ಆದರೆ ಅದೇ ಕ್ರಿಯಾಶೀಲ ಡಿ, ಉರಿಯೂತದ ಟಿ ಕೋಶಗಳನ್ನು ತಗ್ಗಿಸುತ್ತದೆ, ಟಿ ಕೋಶಗಳಿಗೆ ಶತ್ರುವಿನ ಗುರುತು ತೋರಿಸುವ ಡೆಂಡ್ರಿಟಿಕ್ ಕೋಶಗಳನ್ನು ಸಹನೆಯ ಕಡೆಗೆ ವಾಲಿಸುತ್ತದೆ, ನಿಯಂತ್ರಕ ಟಿ ಕೋಶಗಳಿಗೆ ಬೆಂಬಲವಾಗುತ್ತದೆ. ‘ಶಕ್ತಿ ಏರಿಸುತ್ತದೆ’ ಎಂಬ ಮಾತಿಗೆ ಇದು ಹೊಂದುವುದಿಲ್ಲ. ತಂಬೂರಿಯ ಬಿರಡೆಯಂತೆ ಎರಡೂ ಕಡೆ ತಿರುಗುವ ವಸ್ತು ಇದು.

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಇನ್ನೊಂದು ಪದರವಿದೆ. ಈ ಗಡ್ಡೆಗಳು ಮೂಳೆಮಜ್ಜೆಯಿಂದ ಸಿಡಿ34 ಗುರುತಿನ ಎಳೆಯ ಕೋಶಗಳನ್ನು ಸೆಳೆದು ತಂದು ತಮ್ಮ ಸುತ್ತ ಇರಿಸಿಕೊಳ್ಳುತ್ತವೆ. ಅವು ಅಲ್ಲಿಗೆ ಬಂದ ಟಿ ಕೋಶಗಳ ಬಾಯಿ ಕಟ್ಟುತ್ತವೆ. ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನ ತಂಡವೊಂದು, ಶಸ್ತ್ರಚಿಕಿತ್ಸೆಗೆ ಮುಂಚಿನ ಮೂರು ವಾರ ಕ್ರಿಯಾಶೀಲ ವಿಟಮಿನ್ ಡಿ ಕೊಟ್ಟು ಈ ಎಳೆಯ ಕೋಶಗಳನ್ನು ಡೆಂಡ್ರಿಟಿಕ್ ಕೋಶಗಳಾಗಿ ಬಲಿಯುವಂತೆ ಮಾಡಬಹುದೇ ಎಂದು ನೋಡಿತು. ಗಡ್ಡೆಯೊಳಗೆ ಸಿಡಿ4, ಸಿಡಿ8 ಟಿ ಕೋಶಗಳು ಹೆಚ್ಚಿದವು, ಮರುಕಳಿಕೆಗೆ ಹಿಡಿದ ಕಾಲವೂ ಉದ್ದವಾಯಿತು. ಜರ್ಮನಿಯ ಹೋಂಬುರ್ಗ್‌ನ ತಂಡ 2018ರಲ್ಲಿ, ಡಿ ಕೊರತೆ ತುಂಬಿದ ಮೇಲೆ ಎನ್‌ಕೆ ಎಂಬ ರೋಗನಿರೋಧಕ ಕೋಶಗಳ ಕೊಲ್ಲುವ ಸಾಮರ್ಥ್ಯ ಸುಧಾರಿಸುವುದನ್ನು ತೋರಿಸಿತು.

ಈ ಫಲಿತಾಂಶಗಳನ್ನು ಎತ್ತಿಕೊಂಡು ಬಂದು ಈ ರೋಗಿಯ ಹಾಸಿಗೆಯ ಪಕ್ಕ ಇಟ್ಟರೆ ಏನಾಗುತ್ತದೆ ನೋಡಿ. ಚಾರ್ಲ್ಸ್‌ಟನ್ನಿನಲ್ಲಿ ಕೊಟ್ಟದ್ದು ಕ್ರಿಯಾಶೀಲ ರೂಪ. ಇಲ್ಲಿ ಪೊಟ್ಟಣದಲ್ಲಿರುವುದು ಕಚ್ಚಾ ರೂಪದ ಕೊಲೆಕ್ಯಾಲ್ಸಿಫೆರಾಲ್. ಅಲ್ಲಿ ಕೊಟ್ಟದ್ದು ಗಡ್ಡೆ ಇನ್ನೂ ಒಳಗಿರುವಾಗ. ಇಲ್ಲಿ ಗಡ್ಡೆ ಹತ್ತು ದಿನದ ಹಿಂದೆಯೇ ಪೆಥಾಲಜಿ ಡಬ್ಬಿ ಸೇರಿದೆ. ಅಲ್ಲಿನವು ಸಣ್ಣ ಅಧ್ಯಯನಗಳು. ದೊಡ್ಡದನ್ನು ನೋಡಬೇಕೆಂದರೆ 25,871 ಮಂದಿಯ ವೈಟಲ್ ಪ್ರಯೋಗವಿದೆ: ಆರೋಗ್ಯವಂತರಿಗೆ ದಿನಕ್ಕೆ 2,000 ಯೂನಿಟ್ ಕೊಟ್ಟರೂ ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ ಎಂದು 2019ರಲ್ಲಿ ಪ್ರಕಟವಾಯಿತು.

ಮಗನಿಗೆ ಹೇಳಬಹುದಾಗಿದ್ದುದು ಇಷ್ಟು: “ಅಪ್ಪನ ಎಲುಬಿಗೂ ಸ್ನಾಯುವಿಗೂ ಡಿ ಕಡಿಮೆ ಇದೆ, ಅದನ್ನು ತುಂಬಿಸ್ತಿದ್ದೇವೆ. ರೋಗ ತಿರುಗಿ ಬರದಂತೆ ತಡೆಯೋದು ಕರೆಂಟು (ರೇಡಿಯೇಷನ್) ಮತ್ತು ಕೀಮೋ. ಇದನ್ನು ಹೆಚ್ಚು ಕೊಟ್ಟರೆ ಹೆಚ್ಚು ಲಾಭವಿಲ್ಲ, ಕಿಡ್ನಿ ಕೆಡುತ್ತದೆ.” ಅರ್ಧ ನಿಮಿಷದ ಮಾತು.

ವಾಂತಿಗೆ ಹಲವು ಹೆಸರು

ರೇಡಿಯೇಷನ್ನಿನ ಮೊದಲ ಎರಡು ವಾರ, ಎರಡು ಸಿಸ್‌ಪ್ಲಾಟಿನ್ ಮುಗಿದವು. ಮೂರನೇ ವಾರದ ಸೋಮವಾರ, 52ನೇ ದಿನ, ರೋಗಿ ಸೋತು ಬಂದರು. ವಾಂತಿ, ಐದು ದಿನದಿಂದ ಮಲಬದ್ಧತೆ, ರಾತ್ರಿಯೆಲ್ಲ ಮೂತ್ರ, ಬಾಯಾರಿಕೆ. ಕಿಡ್ನಿಯ ಸ್ಥಿತಿ ತೋರುವ ಕ್ರಿಯಾಟಿನಿನ್ 0.8ರಿಂದ 1.7ಕ್ಕೆ ಏರಿತ್ತು, ಮೆಗ್ನೀಷಿಯಂ 1.3.

ಸಿಸ್‌ಪ್ಲಾಟಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಇದಕ್ಕೆಲ್ಲ ಸಿದ್ಧ ಉತ್ತರವಿದೆ: ವಾಂತಿ ಸಿಸ್‌ಪ್ಲಾಟಿನ್ನಿಂದ, ಕ್ರಿಯಾಟಿನಿನ್ ಸಿಸ್‌ಪ್ಲಾಟಿನ್ನಿಂದ, ಮೆಗ್ನೀಷಿಯಂ ಇಳಿದದ್ದೂ ಅದರಿಂದಲೇ, ಮಲಬದ್ಧತೆ ವಾಂತಿಗೆ ಕೊಟ್ಟ ಒಂಡಾನ್ಸೆಟ್ರಾನ್‌ನಿಂದ. ಪ್ರತಿಯೊಂದೂ ಸಂಭವನೀಯ. ಅದಕ್ಕೇ ಯಾರೂ ಮುಂದೆ ನೋಡಲಿಲ್ಲ. ಮೂರನೇ ಡೋಸ್ ತಡೆಹಿಡಿದು, ಒಂದು ಲೀಟರ್ ಸಲೈನ್, ಮೆಗ್ನೀಷಿಯಂ, ಇನ್ನಷ್ಟು ಒಂಡಾನ್ಸೆಟ್ರಾನ್ ಕೊಟ್ಟು ಕಳಿಸಲಾಯಿತು. ವಾರದ ರಕ್ತಪರೀಕ್ಷೆಯ ಅಚ್ಚುಹಾಕಿದ ಪಟ್ಟಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಷಿಯಂ, ಕ್ರಿಯಾಟಿನಿನ್ ಇದ್ದವು. ಕ್ಯಾಲ್ಸಿಯಂ ಇರಲಿಲ್ಲ.

ಗುರುವಾರ ರಾತ್ರಿ, 55ನೇ ದಿನ, ಮನೆಯವರನ್ನು ಗುರುತಿಸಲಾಗದ ಸ್ಥಿತಿಯಲ್ಲಿ ಕರೆತಂದರು. ರಾತ್ರಿ ಕರ್ತವ್ಯದ ವೈದ್ಯೆ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಗಿಡ್ಡವಾಗಿರುವುದನ್ನು (ಕ್ಯಾಲ್ಸಿಯಂ ಏರಿದ ಸುಳಿವು) ನೋಡಿ ಕ್ಯಾಲ್ಸಿಯಂ ಕಳಿಸಿದರು. 12.4 ಬಂತು. ಅಲ್ಬುಮಿನ್ 2.8 ಇದ್ದುದರಿಂದ ಸರಿಪಡಿಸಿ ಓದಬೇಕು: 4ರಿಂದ ಅಲ್ಬುಮಿನ್ ಕಳೆದು 0.8ರಿಂದ ಗುಣಿಸಿ ಕೂಡಿಸಿದರೆ 13.4. ಅಲ್ಬುಮಿನ್ ಬಿಟ್ಟು ಓದಿದ್ದರೆ ‘ಸ್ವಲ್ಪ ಜಾಸ್ತಿ’ ಎನ್ನಿಸುವ ಅಂಕಿ, ಲೆಕ್ಕ ಹಾಕಿದ ಮೇಲೆ ತುರ್ತು ಚಿಕಿತ್ಸೆಯ ಅಂಕಿ.

ಬೆಳಿಗ್ಗೆ ರೌಂಡ್ಸಿಗೆ ಬಂದ ವೈದ್ಯರ ಮೊದಲ ಊಹೆ ಕ್ಯಾನ್ಸರಿನದೇ. ತಲೆ-ಕುತ್ತಿಗೆಯ ಸ್ಕ್ವೇಮಸ್ ಕ್ಯಾನ್ಸರ್ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನ್ ಸ್ರವಿಸಿ ಕ್ಯಾಲ್ಸಿಯಂ ಏರಿಸುವುದು ಪಾಠದಲ್ಲೇ ಇರುವ ಸಂಗತಿ, ಸಾಮಾನ್ಯವಾಗಿ ರೋಗ ಹಬ್ಬಿದ ಸೂಚನೆ. ಮೈಯಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನಿಗೆ ಬರೆದು, ಹೆಂಡತಿಗೆ “ರೋಗ ತಿರುಗಿ ಬಂದಿರಬಹುದು” ಎಂದೂ ಹೇಳಿಯಾಯಿತು. ಎರಡು ತಿಂಗಳೊಳಗೆ, ರೇಡಿಯೇಷನ್ ನಡುವೆ? ಆಗದ್ದೇನಲ್ಲ. ಆದರೆ ಫಾಸ್ಫೇಟ್ 4.9 ಇತ್ತು. ಪಿಟಿಎಚ್‌ಆರ್‌ಪಿ ಕಾರಣವಾಗಿದ್ದರೆ ಫಾಸ್ಫೇಟ್ ಮೂತ್ರದಲ್ಲಿ ಸೋರಿ ಇಳಿಯಬೇಕು. ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಮೇಲಿದ್ದರೆ ವಿಟಮಿನ್ ಡಿ ಕಡೆ ತಿರುಗಿ ನೋಡಬೇಕು. ಕರುಳಿನಿಂದ ಎರಡನ್ನೂ ಎಳೆದುಕೊಳ್ಳುವುದು ಅದೇ.

ಚೀಲ

ಅಷ್ಟರಲ್ಲಿ ವಾರ್ಡಿನ ಹಿರಿಯ ನರ್ಸ್ ಮಗನಿಗೆ ಹೇಳಿದ್ದರು: “ಮನ್ಯಾಗ ಏನೇನ್ ಗುಳಿಗಿ ಕೊಡ್ತೀರಿ, ಆ ಚೀಲಾ ಹಂಗ ತೊಗೊಂಡ್ ಬರ್ರಿ.” ಬಟ್ಟೆ ಅಂಗಡಿಯ ಹಳೆ ಪ್ಲಾಸ್ಟಿಕ್ ಚೀಲ. ಒಳಗೆ ಕಂದು ಲಕೋಟೆ, ಅದರ ಮೇಲೆ ನೀಲಿ ಪೆನ್ನಿನ 1-0-0. ತಳದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಹತ್ತು ಹತ್ತರ ಕಟ್ಟು ಕಟ್ಟಿದ ಖಾಲಿ ಪೊಟ್ಟಣಗಳು. ಖರ್ಚಿನ ಲೆಕ್ಕಕ್ಕೆಂದು ಮಗ ಒಂದನ್ನೂ ಎಸೆದಿರಲಿಲ್ಲ. ನಾಲ್ಕು ಕಟ್ಟು, ಬಿಡಿಯಾಗಿ ಆರು.

46 ದಿನ, 46 ಪೊಟ್ಟಣ: 27 ಲಕ್ಷ 60 ಸಾವಿರ ಯೂನಿಟ್. ಚೀಟಿಯ ಪ್ರಕಾರ ಅಷ್ಟರಲ್ಲಿ ಹೋಗಬೇಕಿದ್ದುದು ಏಳು ಪೊಟ್ಟಣ. ಎಂಟು ಪೊಟ್ಟಣ ಎಂಟೇ ದಿನಕ್ಕೆ ಮುಗಿದಾಗ ಅದೇ ಚೀಟಿ ತೋರಿಸಿ ಊರಿನ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಂಡಿದ್ದರು, ಯಾರೂ ಎಣಿಸಲಿಲ್ಲ. ಇದರ ಮೇಲೆ ಕೊಳವೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹಾಲು. ಹಾಲಿನಲ್ಲೇ 1,800 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ, ಗುಳಿಗೆಯದು ಇನ್ನೊಂದು ಸಾವಿರ.

ಕ್ಯಾಲ್ಸಿಯಂ ಏರಿಸುವ ಹಾರ್ಮೋನಾದ ಪಿಟಿಎಚ್ ತೀರಾ ತಳಕ್ಕಿಳಿದು 6 ಇತ್ತು. 25-ಹೈಡ್ರಾಕ್ಸಿ ವಿಟಮಿನ್ ಡಿ ಮೊದಲು ‘150ಕ್ಕಿಂತ ಹೆಚ್ಚು’ ಎಂದಷ್ಟೇ ಬಂತು, ಮಾದರಿಯನ್ನು ತೆಳು ಮಾಡಿ ಮತ್ತೆ ಓಡಿಸಿದಾಗ 214. ಪೆಟ್ ಸ್ಕ್ಯಾನ್ ರದ್ದಾಯಿತು. ಹೆಂಡತಿಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಬ್ಬರು ವೈದ್ಯರು ಒಟ್ಟಿಗೆ ಹೋದರು.

ಇಳಿಸುವ ಕೆಲಸ

ಪೊಟ್ಟಣ, ಕ್ಯಾಲ್ಸಿಯಂ ಗುಳಿಗೆ ಎರಡೂ ನಿಂತವು. ಸಾಧಾರಣ ಸಲೈನ್ ಗಂಟೆಗೆ 200 ಮಿ.ಲೀ.ನಿಂದ ಶುರುವಾಗಿ, ಮೂತ್ರದ ಪ್ರಮಾಣ ಮತ್ತು ಎದೆ ನೋಡಿಕೊಂಡು ಇಳಿಸಲಾಯಿತು. ಮೊದಲೆರಡು ದಿನ ಕ್ಯಾಲ್ಸಿಟೋನಿನ್ ಚುಚ್ಚುಮದ್ದು, ಕಿಲೋಗೆ 4 ಯೂನಿಟ್‌ನಂತೆ ಹನ್ನೆರಡು ಗಂಟೆಗೊಮ್ಮೆ. ಎರಡು ದಿನದ ಆಚೆಗೆ ಅದು ಹೆಚ್ಚು ಕೆಲಸ ಮಾಡುವುದಿಲ್ಲ. ಪ್ರೆಡ್ನಿಸೋಲೋನ್ 40 ಮಿ.ಗ್ರಾಂ ದಿನಕ್ಕೆ, ಪುಡಿ ಮಾಡಿ ಕೊಳವೆಯಲ್ಲಿ. ವಿಟಮಿನ್ ಡಿಯಿಂದ ಏರಿದ ಕ್ಯಾಲ್ಸಿಯಂಗೆ ಸ್ಟೀರಾಯ್ಡ್ ಒಗ್ಗುತ್ತದೆ, ಕರುಳಿನ ಹೀರಿಕೆಯನ್ನೇ ತಗ್ಗಿಸುತ್ತದೆ.

ಹೆಚ್ಚು ಚರ್ಚೆಯಾದದ್ದು ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುವ ಜೋಲೆಡ್ರೋನಿಕ್ ಆಸಿಡ್ ಬಗ್ಗೆ. ಕ್ಯಾನ್ಸರ್ ರೋಗಿಯ ಕ್ಯಾಲ್ಸಿಯಂ ಏರಿದರೆ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಆದರೆ ಈ ದವಡೆಯ ಅಂಚು ಕತ್ತರಿಸಿದೆ, ಆ ಮೂಳೆಗೇ ರೇಡಿಯೇಷನ್ ಬೀಳುತ್ತಿದೆ, ಹಲ್ಲುಗಳ ಸ್ಥಿತಿ ಕೆಟ್ಟದಾಗಿದೆ. ಅಲ್ಲಿ ಈ ಔಷಧ ಕೂಡಿದರೆ ದವಡೆ ಮೂಳೆ ಸಾಯುವ ಅಪಾಯ ಇನ್ನೂ ಏರುತ್ತದೆ, ಜೊತೆಗೆ ಕ್ರಿಯಾಟಿನಿನ್ ಬೇರೆ 1.7. ನಾಲ್ಕು ದಿನ ಕಾದು ನೋಡುವುದು, 12ಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರ ಕೊಡುವುದು ಎಂದಾಯಿತು. ನಾಲ್ಕನೇ ದಿನ ಸರಿಪಡಿಸಿದ ಕ್ಯಾಲ್ಸಿಯಂ 11.6 ಇತ್ತು. ಕೊಡಲಿಲ್ಲ.

ಆಹಾರದಲ್ಲಿ ಹಾಲು ನಿಂತು, ಅಕ್ಕಿಗಂಜಿ, ತೊಗರಿಬೇಳೆ ಕಟ್ಟು, ಬೇಯಿಸಿ ಅರೆದ ಮೊಟ್ಟೆಯ ಬಿಳಿಭಾಗ, ಶೇಂಗಾ ಎಣ್ಣೆ ಬಂದವು. ಯಾರೋ ರಾಗಿ ಗಂಜಿ ಸೂಚಿಸಿದ್ದರು. ರಾಗಿಯ ಕ್ಯಾಲ್ಸಿಯಂ ನೆನಪಿಸಿ ಆಹಾರತಜ್ಞೆ ತಡೆದರು.

ರೇಡಿಯೇಷನ್ ನಿಲ್ಲಿಸಬೇಕೆ? ಬಿಟ್ಟುಹೋದ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ, ಹಾಗಾಗಿ ಎರಡೇ ದಿನ ತಪ್ಪಿಸಿ, ಆಮೇಲೆ ವಾರ್ಡಿನಿಂದ ಸ್ಟ್ರೆಚರಿನಲ್ಲಿ ಕರೆದೊಯ್ಯಲಾಯಿತು. ತಪ್ಪಿದ ಎರಡನ್ನು ಮುಂದಿನ ಎರಡು ಶುಕ್ರವಾರ, ಆರು ಗಂಟೆಯ ಅಂತರ ಕೊಟ್ಟು ದಿನಕ್ಕೆರಡರಂತೆ ತುಂಬಿಸಿದರು. ಆದರೆ ಸಿಸ್‌ಪ್ಲಾಟಿನ್ ಅಲ್ಲಿಗೆ ಮುಗಿಯಿತು. ಆರು ಡೋಸ್ ಇಟ್ಟುಕೊಂಡಿದ್ದವರಿಗೆ ಸಿಕ್ಕಿದ್ದು ಎರಡು. ಈ ಪ್ರಕರಣದ ನಿಜವಾದ ನಷ್ಟ ಇದು. ‘ಇಮ್ಯುನಿಟಿಗೆ’ ಎಂದು ಕೊಟ್ಟದ್ದು, ಮರುಕಳಿಕೆ ತಡೆಯುತ್ತದೆಂದು ಸಾಬೀತಾಗಿರುವ ಔಷಧವನ್ನೇ ಕಿತ್ತುಕೊಂಡಿತು. ಸಿಸ್‌ಪ್ಲಾಟಿನ್ ಒಗ್ಗದವರಿಗೆ ಚದರ ಮೀಟರಿಗೆ 15 ಮಿ.ಗ್ರಾಂ ಡೋಸಿಟ್ಯಾಕ್ಸೆಲ್ ವಾರಕ್ಕೊಮ್ಮೆ ಕೊಡುವ ದಾರಿಯನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪ್ರಯೋಗ ತೆರೆದಿದೆ. ರೇಡಿಯೇಷನ್ ಒಂದೇ ಪಡೆದವರಲ್ಲಿ ಎರಡು ವರ್ಷ ರೋಗವಿಲ್ಲದೆ ಉಳಿದವರು 30.3% ಇದ್ದರೆ, ಡೋಸಿಟ್ಯಾಕ್ಸೆಲ್ ಸೇರಿಸಿದವರಲ್ಲಿ 42%. ಇವರಿಗೆ ಕೊನೆಯ ಮೂರು ವಾರ ಅದನ್ನು ಕೊಡಲಾಯಿತು. ಬಾಯಿಹುಣ್ಣು ಉಲ್ಬಣಿಸಿತು, ಸ್ಟೀರಾಯ್ಡ್ ಜೊತೆ ಸೇರಿ ಬಾಯಿಗೆ ಬಿಳಿ ಫಂಗಸ್ಸೂ ಬಂತು. 60 ಗ್ರೇ ಪೂರ್ಣವಾಯಿತು.

ಮೂರನೇ ವಾರದಲ್ಲಿ ಪ್ರೆಡ್ನಿಸೋಲೋನನ್ನು ಬೇಗ 10ಕ್ಕೆ ಇಳಿಸಿದಾಗ ಕ್ಯಾಲ್ಸಿಯಂ 10.6ರಿಂದ ಮತ್ತೆ 11.4ಕ್ಕೆ ಹತ್ತಿತು. ವಿಟಮಿನ್ ಡಿ ಕೊಬ್ಬಿನಲ್ಲಿ ಕೂತಿರುತ್ತದೆ, ಪೊಟ್ಟಣ ನಿಲ್ಲಿಸಿದ ದಿನವೇ ನಿಲ್ಲುವುದಿಲ್ಲ. 20ಕ್ಕೆ ಏರಿಸಿ, ಎರಡು ತಿಂಗಳಲ್ಲಿ ನಿಧಾನ ಇಳಿಸಿ, ವಾರಕ್ಕೊಮ್ಮೆ ಕ್ಯಾಲ್ಸಿಯಂ ನೋಡಬೇಕಾಯಿತು. ಡಿ ಅಂಕಿ ಎಂಟನೇ ವಾರಕ್ಕೆ 96, ಐದನೇ ತಿಂಗಳಿಗೆ 41. ಕ್ರಿಯಾಟಿನಿನ್ 1.1ಕ್ಕೆ ನಿಂತಿತು, ಮೊದಲಿನ 0.8ಕ್ಕೆ ಬರಲಿಲ್ಲ.

ಬದಲಾದದ್ದು

ಮೊದಲ ಪ್ರತಿಕ್ರಿಯೆ ಅತಿಯಾಗಿತ್ತು: ಆ ವಿಭಾಗದಲ್ಲಿ ಕೆಲ ತಿಂಗಳು ಯಾರೂ ವಿಟಮಿನ್ ಡಿ ಬರೆಯಲೇ ಇಲ್ಲ. ಆಮೇಲೆ ಧ್ವನಿಪೆಟ್ಟಿಗೆ ತೆಗೆಸಿಕೊಂಡ ರೋಗಿಯೊಬ್ಬರು, ಥೈರಾಯ್ಡ್ ಜೊತೆ ಪಿಟಿಎಚ್ ಸ್ರವಿಸುವ ಪ್ಯಾರಾಥೈರಾಯ್ಡ್‌ಗಳನ್ನೂ ಕಳೆದುಕೊಂಡಿದ್ದವರು, ಕ್ಯಾಲ್ಸಿಯಂ ಇಳಿದು ಕೈ ಸೆಟೆದು ಬಂದಾಗ ತಂಡ ಮತ್ತೆ ಕೂತು ಯೋಚಿಸಿತು.

ಈಗ ಪರೀಕ್ಷೆ ಶಸ್ತ್ರಚಿಕಿತ್ಸೆಗೆ ಮುಂಚೆ. ತಪ್ಪಿದರೆ ಸಿಆರ್‌ಪಿ ಇಳಿದ ಮೇಲೆ. ಒಮ್ಮೆಗೆ ನಾಲ್ಕೇ ಪೊಟ್ಟಣ, ಆಸ್ಪತ್ರೆಯಿಂದಲೇ, ಚೀಟಿಯಿಂದ ಬೇರೆಯಾಗಿ. ಕ್ಯಾಲ್ಸಿಯಂ ಮತ್ತು ಅಲ್ಬುಮಿನ್ ರೇಡಿಯೇಷನ್ನಿನ ವಾರದ ಪಟ್ಟಿಗೆ ಸೇರಿವೆ. ಕ್ಯಾಲ್ಸಿಯಂ ಇಳಿದು ಬಂದರೂ ಮೊದಲು ಮೆಗ್ನೀಷಿಯಂ ನೋಡುತ್ತಾರೆ. ಸಿಸ್‌ಪ್ಲಾಟಿನ್ ಮೆಗ್ನೀಷಿಯಂ ಸೋರಿಸುತ್ತದೆ, ಅದಿಲ್ಲದೆ ಪಿಟಿಎಚ್ ಸರಿಯಾಗಿ ಹೊರಡುವುದಿಲ್ಲ, ಎಷ್ಟು ಡಿ ಸುರಿದರೂ ಕ್ಯಾಲ್ಸಿಯಂ ಏಳುವುದಿಲ್ಲ. ಔಷಧಿ ಚೀಲ ತರದೆ ಬಂದವರನ್ನು ನರ್ಸ್ ಸುಮ್ಮನೆ ಬಿಡುವುದಿಲ್ಲ.

‘ವಾರಕ್ಕೊಮ್ಮೆ’ ಎಂಬ ಪದವನ್ನು ಬರೆಯುವುದನ್ನೇ ಬಿಟ್ಟಿದ್ದಾರೆ. ಬದಲಿಗೆ ರೋಗಿಯ ಊರಿನ ಸಂತೆ ಯಾವ ದಿನ ಎಂದು ಕೇಳಿ, ಪೊಟ್ಟಣದ ಮೇಲೆ ಮಾರ್ಕರಿನಲ್ಲಿ ‘ಸಂತೆ ದಿನ ಮಾತ್ರ’ ಎಂದು ಬರೆಯುತ್ತಾರೆ.

ಈ ರೋಗಿ ಹದಿನಾಲ್ಕನೇ ತಿಂಗಳ ತಪಾಸಣೆಯಲ್ಲಿ ರೋಗದ ಸುಳಿವಿಲ್ಲದೆ ಇದ್ದರು. ಅದಕ್ಕೆ ವಿಟಮಿನ್ ಡಿಯನ್ನು ಹೊಗಳುವುದೂ ಸಲ್ಲ, ಕಳೆದುಹೋದ ಸಿಸ್‌ಪ್ಲಾಟಿನ್ ಬೇಕಿರಲಿಲ್ಲ ಎನ್ನುವುದೂ ಸಲ್ಲ. ಡಿ ಅಂಕಿ 22ಕ್ಕೆ ಇಳಿದಿದ್ದುದರಿಂದ ತಿಂಗಳಿಗೊಂದು ಪೊಟ್ಟಣ ಶುರು ಮಾಡಬೇಕಿತ್ತು. ದಿನ ಯಾವುದಿರಲಿ ಎಂದು ಕೇಳಿದಾಗ ಹೆಂಡತಿಯೇ ಹೇಳಿದರು: “ಅಮಾಸಿಗೆ ಬರೀರಿ. ಅವತ್ತ ಮಗ್ಗ ಬಂದ್ ಇರ್ತಾವ, ಮರಿಯೂದಿಲ್ಲ.”